ಫಿಶ್ ಮಿಲ್ಲಿನಲ್ಲಿ ಚೀನೀ ಭಜನೆ

ಪ್ರೇಮಾನಂದ ಆ ದಿನ ಬೆಳಿಗ್ಗೆ ಬಾಯಿ ಮುಚ್ಚಿಕೊಂಡು ಕೆಲಸ ಮಾಡಿದ್ದರೆ ಯಾವ ರಗಳೆಯೂ ಇರುತ್ತಿರಲಿಲ್ಲ. ಆದರೆ ಹಾಡಿದ. ಉಪ್ಪುಂದದ ಆಚೆ ಹೈವೇ ಬದಿಯಲ್ಲಿ ಮೀನು ಬೇಯಿಸಿ ಅರೆದು ಹಿಟ್ಟು ಮಾಡುವ ಫಿಶ್ ಮಿಲ್ಲಿನ ಆಫೀಸಿನಲ್ಲಿ ಕೂತು, ಬೂತಾಯಿ ಮೀನಿನ ಲಾರಿಗಳ ಚೀಟಿ ಬರೆಯುತ್ತಾ, ಮೇಜಿನ ಅಡಿಯಲ್ಲಿ ಕಾಲಿನಿಂದ ತಾಳ ಹಾಕುತ್ತಾ, "ಗುವಾನ್ ಯಿನ್ ಮಾ, ಗುವಾನ್ ಯಿನ್ ಮಾ" ಎಂದು ಸಣ್ಣ ದನಿಯಲ್ಲಿ ಎತ್ತಿಕೊಂಡ ಪಲ್ಲವಿ ಚರಣಕ್ಕೆ ಬರುವಷ್ಟರಲ್ಲಿ ಗೋಡೆಯಾಚೆಗೂ ಕೇಳುವಷ್ಟು ದೊಡ್ಡದಾಗಿತ್ತು. ಆಗಲೇ ಮಿಲ್ಲಿನ ಸಾಹುಕಾರ ಅಣ್ಣಯ್ಯ ಒಳಗೆ ಬಂದದ್ದು.

"ಹ್ವಾಯ್ ಪ್ರೇಮಾನಂದ! ಇದೆಂತ ಫಿಶ್ ಮಿಲ್ಲಾ, ಚೀನಾದ್ ದೇವಸ್ಥಾನವಾ? ಮಿಷನ್ ನಿಂತ್ ನಂಗೆ ಮಂಡೆಬೆಚ್ಚ ಆಯಿತ್ತ್, ನಿಂಗೆ ಪದ್ಯ! ಇನ್ನೊಂದ್ ಸಲ ಅದ್ ನನ್ ಕೆಮಿಗ್ ಬಿದ್ರೆ ನೀನ್ ಮನಿಗ್ ಹೋಪುದೇ ಸೈ."

"ಪದ್ಯ ಅಲ್ಲ ಸಾವ್ಕಾರ್ರೆ, ಪಾಠ," ಎಂದ ಪ್ರೇಮಾನಂದ. ಹೆದರಿಕೆ ಆಗಿತ್ತು, ಆದರೂ ಹೇಳಿದ. ಅವನ ಸ್ವಭಾವವೇ ಹಾಗೆ. ಬಗ್ಗು ಎಂದು ಯಾರಾದರೂ ಹೇಳಿದ ಕೂಡಲೇ ಅವನ ಬೆನ್ನು ನೆಟ್ಟಗಾಗುತ್ತಿತ್ತು.

ಈ ಪಾಠ ಶುರುವಾದದ್ದು ಅವನ ಹೆಂಡತಿಯ ಅಣ್ಣ ಯೋಗೀಶನಿಂದ. ಹಡಗಿನಲ್ಲಿ ಅಡುಗೆ ಕೆಲಸಕ್ಕಿದ್ದ ಯೋಗೀಶ ಕೆಲವು ವರ್ಷಗಳ ಹಿಂದೆ ರಜೆಗೆ ಬಂದಾಗ, ಯಾವುದೋ ಬಂದರಿನ ಗುಡಿಯಲ್ಲಿ ಪುಕ್ಕಟೆ ಹಂಚುತ್ತಿದ್ದ, ಗುವಾನ್ ಯಿನ್ ಎಂಬ ಚೀನೀ ದೇವಿಯ ಒಂದು ಭಜನೆ ಪುಸ್ತಕವನ್ನೂ ಸಿ.ಡಿ.ಯನ್ನೂ ತಂದು ಭಾವನ ಕೈಗಿಟ್ಟಿದ್ದ. ಪುಟದ ಮೇಲಿನ ಸಾಲಿನಲ್ಲಿ ಸಿಕ್ಕುಬಿದ್ದ ಬಲೆಯಂಥ ಚೀನೀ ಅಕ್ಷರಗಳು. ಅದರ ಕೆಳಗೆ ಅದೇ ಮಾತು ಇಂಗ್ಲಿಷ್ ಅಕ್ಷರದಲ್ಲಿ. ಅದರ ಕೆಳಗೆ ಇಂಗ್ಲಿಷಿನಲ್ಲಿ ಅರ್ಥ. ಪ್ರೇಮಾನಂದ ಮೇಲಿನ ಸಾಲನ್ನು ಆ ದೇವಿಗೇ ಬಿಟ್ಟುಕೊಟ್ಟು, ನಡುವಿನ ಸಾಲನ್ನು ಬಾಯಿಪಾಠ ಮಾಡಿ, ಕೆಳಗಿನದನ್ನು ಡಿಕ್ಷನರಿ ಇಟ್ಟುಕೊಂಡು ಬಗೆಹರಿಸಿದ. ಮುಂಬಯಿ ಕ್ಯಾಂಟೀನಿನಲ್ಲಿ ಲೋಟ ತೊಳೆಯುತ್ತಿದ್ದ ಕಾಲದಲ್ಲಿ ಅವ ಹಿಂದಿ ಕಲಿತದ್ದು ರೇಡಿಯೋದ ಸಿನಿಮಾ ಹಾಡಿನಿಂದ. ಸಿನಿಮಾ ಹಾಡಿನಿಂದ ಹಿಂದಿ ಬರುವುದಾದರೆ ಭಜನೆಯಿಂದ ಚೀನಾ ಭಾಷೆ ಯಾಕೆ ಬರಬಾರದು ಎಂಬುದು ಅವನ ವಾದ. ಇದಕ್ಕೆ ಉತ್ತರ ಊರಿನಲ್ಲಿ ಯಾರಲ್ಲೂ ಇರಲಿಲ್ಲ, ಹಾಗಾಗಿ ಎಲ್ಲರೂ ನಗಾಡಿದರು.

ಊರು ಅಂದರೆ ಹಾಗೆಯೇ. ಒಬ್ಬ ಕುಡಿದು ಚರಂಡಿಯಲ್ಲಿ ಬಿದ್ದರೆ ಎತ್ತಿ ಮನೆ ಸೇರಿಸುತ್ತದೆ, ಒಂದು ಮಾತೂ ಆಡುವುದಿಲ್ಲ. ಅದೇ ಒಬ್ಬ ನಡುವಯಸ್ಸಿನಲ್ಲಿ ಏನಾದರೂ ಕಲಿಯಲು ಹೊರಟರೆ ಅವನನ್ನು ಬದುಕಲು ಬಿಡುವುದಿಲ್ಲ. ಪಕ್ಕದ ಮನೆಯ ಜಲಜ, ಈ ಹಾಡು ಶುರುವಾದಂದಿನಿಂದ ತನ್ನ ದನ ಹಾಲು ಕರೆಯುವಾಗ ಒದೆಯುತ್ತದೆ ಎಂದು ದೂರು ಕೊಟ್ಟಳು. ಹೆಂಡತಿ ಶರ್ಮಿಳಾ, "ಹಾಡ್ಕಾರೆ ಸಮುದ್ರದ್ ಬದಿಗ್ ಹೋಯಿ ಹಾಡಿ ಮಾರಾಯ್ರೆ, ನಂಗೆ ನೆರೆಕರೆಯರಿಗ್ ಮುಖ ತೋರ್ಸುಕಾತಿಲ್ಲೆ" ಎಂದಳು. ಅವ ಸಮುದ್ರದ ಬದಿಗೂ ಹೋಗಿ ಹಾಡಿದ, ವಾಪಸು ಬಂದು ಮನೆಯಲ್ಲಿಯೂ ಹಾಡಿದ.

ಎಲ್ಲರಿಗಿಂತ ಹೆಚ್ಚು ಉರಿಸಿದವ ದುಗ್ಗಪ್ಪ. ಮಿಲ್ಲಿನಲ್ಲಿ ಲಾರಿ ತೂಕ ಮಾಡುವವನೂ ಅವನೇ, ಊರ ಭಜನಾ ಮಂಡಳಿಯ ಅಧ್ಯಕ್ಷನೂ ಅವನೇ. ಒಂದು ಶನಿವಾರ ಭಜನೆಯಲ್ಲಿ ಪ್ರೇಮಾನಂದ ತನ್ನ ಸರದಿ ಬಂದಾಗ ಚೀನೀ ಪದ್ಯವನ್ನೇ ಎತ್ತಿಕೊಂಡದ್ದಕ್ಕೆ ದುಗ್ಗಪ್ಪ ತಾಳ ನೆಲಕ್ಕಿಟ್ಟು ಎದ್ದು ನಿಂತಿದ್ದ.

"ಇದ್ ಚೀನಾ ಭಾಷೆ ಅಲ್ಲ, ನಿನ್ ಸ್ವಂತದ್ದ್. ಚೀನಾದರ್ ಕೇಂಡ್ರೆ ನೆಗಾಡಿ ಸಾಯ್ತ್ರ್. ಒಂದ್ ಅಕ್ಷರ ಅವ್ರಿಗ್ ಅರ್ಥ ಆತಿಲ್ಲೆ."

"ಆತ್ತ್, ದುಗ್ಗಪ್ಪಣ್ಣ. ಕಾಣ್ತಾ ಇರಿ," ಎಂದಿದ್ದ ಪ್ರೇಮಾನಂದ.

ಅಂದಿನಿಂದ ಅವನಿಗೆ ಬೇರೆ ಆಸೆ ಉಳಿದಿರಲಿಲ್ಲ. ಸಂಬಳ ಹೆಚ್ಚಾಗದಿದ್ದರೂ ಸರಿ, ಈ ಊರಿನಲ್ಲಿ ಒಬ್ಬನಾದರೂ, ಒಂದೇ ಒಂದು ಸಲ, ಎಲ್ಲರ ಎದುರು 'ಪ್ರೇಮಾನಂದನಿಗೆ ಚೀನಾ ಭಾಷೆ ಬರುತ್ತದೆ' ಎಂದು ಒಪ್ಪಿಕೊಳ್ಳಬೇಕು. ಕೆಲಸವೂ ಉಳಿಯಬೇಕು, ಯಾಕೆಂದರೆ ಮನೆ ನಡೆಯುತ್ತಿದ್ದದ್ದು ಅದರಿಂದಲೇ. ಎರಡೂ ಒಟ್ಟಿಗೆ ಬೇಕು ಅಂದುಕೊಂಡದ್ದು ಅವನ ತಪ್ಪೇನಲ್ಲ.

ಸಾಹುಕಾರರು ಬೈದು ಹೊರಗೆ ಹೋದರಲ್ಲ, ಅಲ್ಲಿ ಅವರ ಪಾಡು ನೋಡುವ ಹಾಗಿರಲಿಲ್ಲ. ಮೀನು ಬೇಯಿಸುವ ಚೀನಾದ ದೊಡ್ಡ ಡ್ರಮ್ಮು ಹಿಂದಿನ ವಾರದಿಂದ ನಿಂತಿತ್ತು. ಲಾರಿಗಳು ಹೈವೇವರೆಗೆ ಸಾಲುಗಟ್ಟಿದ್ದವು. ವಾಸನೆಗೆ ಬೈಂದೂರಿನ ಬಸ್ಸುಗಳು ಕಿಟಕಿ ಹಾಕಿಕೊಂಡು ಓಡುತ್ತಿದ್ದವು. ರಿಪೇರಿಗೆಂದು ಚೀನಾದಿಂದ ಬಂದ ಇಂಜಿನಿಯರ್ ಲಿಯಾಂಗ್ ಎಂಬ ತೆಳ್ಳಗಿನ ಮನುಷ್ಯ ಡ್ರಮ್ಮಿನ ಎದುರು ಸ್ಟೂಲಿನಲ್ಲಿ ಕೂತಿದ್ದ. ಅವನ ಜೊತೆ ಬಂದ ದುಭಾಷಿಯೋ, ಹಿಂದಿನ ದಿನ ಏಡಿ ಸಾರನ್ನು ಕಂಡರಿಯದವನ ಹಾಗೆ ಉಂಡು, ಈಗ ಆಸ್ಪತ್ರೆಯಲ್ಲಿ ಗ್ಲೂಕೋಸ್ ಬಾಟಲಿ ಏರಿಸಿಕೊಂಡು ಮಲಗಿದ್ದ. ಲಿಯಾಂಗ್ ಏನೋ ಕೇಳುತ್ತಾನೆ, ಸಾಹುಕಾರರು ಚಹಾ ತರಿಸುತ್ತಾರೆ. ಅವನು ಕೈ ಆಡಿಸಿ ಬೇರೇನೋ ಕೇಳುತ್ತಾನೆ, ಇವರು ಸಕ್ಕರೆ ಕಡಿಮೆ ಮಾಡಿ ಮತ್ತೊಂದು ಚಹಾ ತರಿಸುತ್ತಾರೆ. ಬೆಳಗ್ಗಿನಿಂದ ಇದೇ ನಡೆದಿತ್ತು.

ಬಾಯ್ಲರ್ ನೋಡಿಕೊಳ್ಳುವ ಆಳು ಐತ ಹೇಳಿದ: "ಸಾವ್ಕಾರ್ರೆ, ನಮ್ ಪ್ರೇಮಾನಂದ ಇದ್ನಲೆ. ಅವ್ನ್ ಹತ್ರ ಮಾತಾಡ್ಸಿ ಕಾಂಬ."

ದುಗ್ಗಪ್ಪ ತೂಕದ ಕೋಣೆಯಿಂದಲೇ ನಕ್ಕ. ಸಾಹುಕಾರರಿಗೆ ನಗುವಷ್ಟು ತ್ರಾಣ ಇರಲಿಲ್ಲ. ಆಫೀಸಿಗೆ ಬಂದು ಬಾಗಿಲಲ್ಲಿ ನಿಂತು ಕೆಮ್ಮಿದರು.

"ಪ್ರೇಮಾನಂದ, ಒಂಚೂರ್ ಹೊರಗ್ ಬಾ."

"ಎಂತಕೆ? ಮನಿಗ್ ಹೋಪುಕಾ?"

"ಸಾಕ್ ಮಾರಾಯ, ಸಿಟ್ಟ್ ಮಾಡ್ಬೇಡ. ಆ ಇಂಜಿನಿಯರ್ ಹತ್ರ ಒಂದ್ ಮಾತಾಡ್."

"ನಂಗೆ ಬಪ್ಪುದ್ ಪದ್ಯ. ಅದ್ ನಿಮ್ ಕೆಮಿಗ್ ಬೀಳ್ಕಾಗ ಅಲ್ದಾ?"

"ಬಿದ್ರೆ ಬೀಳ್ಲಿ. ಅಡ್ಡಿಲ್ಲೆ. ಇವತ್ತ್ ಮಿಲ್ ಹೊರಟ್ರೆ ನಾಳಿಂದ ನೀನೇ ಮೇನೇಜರ್."

ಪ್ರೇಮಾನಂದ ಅಂಗಿಯ ಗುಂಡಿ ಸರಿಮಾಡಿಕೊಂಡು ಎದ್ದ. ಮೂಲೆಯ ಚೀಲದಿಂದ ಭಜನೆ ಪುಸ್ತಕ ತೆಗೆದು ಕಂಕುಳಲ್ಲಿಟ್ಟುಕೊಂಡ. ಮಿಲ್ಲಿನ ಆಳುಗಳೆಲ್ಲ ಡ್ರಮ್ಮಿನ ಸುತ್ತ ನೆರೆದರು. ತೂಕ ಬಿಟ್ಟು ದುಗ್ಗಪ್ಪನೂ ಬಂದ, ಎದೆಯ ಮೇಲೆ ಕೈ ಕಟ್ಟಿ ಮುಂದೆಯೇ ನಿಂತ.

ಡ್ರಮ್ಮಿನ ಚಕ್ರ ತಿರುಗುವುದಿಲ್ಲ ಎಂದು ಹೇಳಬೇಕಿತ್ತು. ಪ್ರೇಮಾನಂದ ಮನಸ್ಸಿನಲ್ಲೇ ಹಾಡಿಕೊಂಡು ಪದ ಹುಡುಕಿ, ಜೋಡಿಸಿ, ಲಿಯಾಂಗನ ಮುಖ ನೋಡಿ ನಿಧಾನವಾಗಿ ಹೇಳಿದ: "ಲುನ್... ಬು... ಜುವಾನ್."

ಲಿಯಾಂಗ್ ಕಣ್ಣು ಪಿಳಿಪಿಳಿ ಮಾಡಿದ. ಆಮೇಲೆ ಸುಸ್ತಾದವನ ಹಾಗೆ ಖಾಲಿ ಲೋಟ ಎತ್ತಿ ಮುಂದೆ ಹಿಡಿದ. ಈ ಊರಿನವರು ಏನೇ ಹೇಳಿದರೂ ಅದು ಚಹಾದ ವಿಷಯ ಎಂದು ಅವನಿಗೆ ಅಷ್ಟರಲ್ಲಿ ಮನವರಿಕೆಯಾಗಿತ್ತು.

"ಆಯ್ತಲೆ! ಇನ್ನೊಂದ್ ಚಾ ತನ್ನಿ," ಎಂದ ದುಗ್ಗಪ್ಪ. ಎಲ್ಲರೂ ಗೊಳ್ಳೆಂದರು.

ಪ್ರೇಮಾನಂದನಿಗೆ ಕಿವಿಯವರೆಗೆ ಬಿಸಿಯೇರಿತು. ಬೇರೆಯವನಾಗಿದ್ದರೆ ಆಫೀಸಿಗೆ ಓಡುತ್ತಿದ್ದ. ಅವ ಓಡಲಿಲ್ಲ. ಮಾತು ಬೇಡವೋ, ಹಾಗಾದರೆ ಹಾಡನ್ನೇ ಕೇಳಿ ಎಂದುಕೊಂಡು ಕಣ್ಣು ಮುಚ್ಚಿ ಪಲ್ಲವಿಯಿಂದಲೇ ಎತ್ತಿಕೊಂಡ. ಪಲ್ಲವಿಯಿಂದಲ್ಲದೆ ಅವನಿಗೆ ಗತಿಯೂ ಇರಲಿಲ್ಲ. ಒಂದೊಂದು ಪದವೂ ಅವನಿಗೆ ಸಿಗುತ್ತಿದ್ದದ್ದು ಅದರದರ ಸಾಲಿನಲ್ಲಿ, ಸಾಲು ಸಿಗುತ್ತಿದ್ದದ್ದು ಮೊದಲಿನಿಂದ ಹಾಡಿಕೊಂಡು ಬಂದರೆ ಮಾತ್ರ. ಹುಟ್ಟುಸಾವಿನ ಚಕ್ರದ ಪದ್ಯ ಮೂರನೆಯ ಸಾಲಿಗೆ ಬಂದು "ಲುನ್ ಹುಯಿ" ಎನ್ನುವಾಗ ಡ್ರಮ್ಮಿಗೆ ಅಂಗೈಯಿಂದ ಧಡ್ಡನೆ ಬಡಿದ.

ಲಿಯಾಂಗ್ ಸ್ಟೂಲಿನಿಂದ ಜಿಗಿದೆದ್ದ. ಚೀನೀ ಮಾತಿನಲ್ಲಿ ಒಂದೊಂದು ಪದಕ್ಕೂ ಒಂದೊಂದು ಏರಿಳಿತ ಉಂಟು, ಅದು ತಪ್ಪಿದರೆ ಮಾತು ಹಾಳು. ಹಾಡಿನಲ್ಲಾದರೆ ರಾಗವೇ ಯಜಮಾನ, ಏರಿಳಿತವನ್ನು ಯಾರೂ ಕೇಳುವುದಿಲ್ಲ. ಇದು ಪ್ರೇಮಾನಂದನಿಗೆ ಗೊತ್ತಿರಲಿಲ್ಲ. ಹಾಡಿದಾಗ ಅರ್ಥವಾಗುತ್ತದೆ ಎಂಬುದಷ್ಟೇ ಗೊತ್ತಾಯಿತು, ಮತ್ತೆ ಅವನನ್ನು ಹಿಡಿಯುವವರಿರಲಿಲ್ಲ.

ಮುಚ್ಚಳ ತೆಗೆಯಲು ಹೇಳಬೇಕಾದಾಗ 'ಹೃದಯದ ಬಾಗಿಲು ತೆರೆ ತಾಯೇ' ಎಂಬ ಪದ್ಯ ಹಾಡಿದ, ಲಿಯಾಂಗ್ ಮುಚ್ಚಳ ತೆಗೆದ. ಹಬೆ ಸೋರುತ್ತದೆ ಎನ್ನಲು ಸಿಟ್ಟಿನ ಬೆಂಕಿಯ ಪದ್ಯ, ನೀರು ಬಿಡಿ ಎನ್ನಲು ಕರುಣೆಯ ನೀರಿನ ಪದ್ಯ. ಭಜನೆಗೆ ಕೂತು ಅಭ್ಯಾಸವಾದ ಆಳುಗಳಿಗೆ ಒಬ್ಬ ಒಂದು ಸಾಲು ಹೇಳಿದ ಮೇಲೆ ಸುಮ್ಮನಿರಲು ಬರುವುದಿಲ್ಲ. ಐತ ಮೊದಲು ದನಿಗೂಡಿಸಿದ, ಆಮೇಲೆ ಉಳಿದವರು. ಮಿಲ್ಲಿಗೆ ಮಿಲ್ಲೇ ಚೀನೀ ಭಾಷೆಯಲ್ಲಿ ಗುಂಯ್‌ಗುಟ್ಟಿತು. ದುಗ್ಗಪ್ಪ ಬಾಯಿ ಬಿಗಿದುಕೊಂಡೇ ನಿಂತಿದ್ದ, ಆದರೆ ಅವನ ಬೆರಳುಗಳು ತೊಡೆಯ ಮೇಲೆ ತಾಳ ಹಾಕುತ್ತಿದ್ದವು.

ಲಿಯಾಂಗ್ ನಡುವೆ ಒಮ್ಮೆ ಸ್ಪ್ಯಾನರ್ ಕೆಳಗಿಟ್ಟು, ಬೆನ್ನು ಬಗ್ಗಿಸಿ ಕೋಲೂರಿದ ಹಾಗೆ ನಡೆದು ತೋರಿಸಿ, ಮೊಣಕಾಲಿನ ಎತ್ತರಕ್ಕೆ ಕೈ ಹಿಡಿದು, ತನ್ನ ಎದೆ ಮುಟ್ಟಿಕೊಂಡ. ಕಣ್ಣು ತುಂಬಿತ್ತು.

"ಅವ್ರ್ ಸಣ್ಣದಿಪ್ಪತಿಗೆ ಅಜ್ಜಿ ಇದೇ ಪದ್ಯ ಹೇಳ್ತಿದ್ರಂಬ್ರ್," ಎಂದ ಪ್ರೇಮಾನಂದ.

"ಅಯ್ಯೋ ಪಾಪ. ಹೇಳ್ ಹೇಳ್, ನಿಲ್ಸ್‌ಬೇಡ," ಎಂದರು ಸಾಹುಕಾರರು. ಅವರ ಲಕ್ಷ್ಯವೆಲ್ಲ ಸ್ಪ್ಯಾನರಿನ ಮೇಲಿತ್ತು.

ಊಟದ ಹೊತ್ತಿಗೆ ರಿಪೇರಿ ಮುಗಿಯಿತು. ಕೊನೆಯ ಬೋಲ್ಟು ಬಿಗಿದು ಲಿಯಾಂಗ್ ಸ್ವಿಚ್ಚಿನ ಹತ್ತಿರ ನಿಂತ. ಸಾಹುಕಾರರ ಮುಖದಲ್ಲಿ ಕಳೆ ಬಂದಿತ್ತು. ಮೊದಲನೆಯ ಲಾರಿಯನ್ನು ಮೀನು ಸುರಿಯುವ ಗುಂಡಿಯ ಬಾಯಿಗೆ ಹಿಂದೆ ತೆಗೆಯಲು ಹೇಳಿದರು. ಅಲ್ಲಿಗೆ ನಿಲ್ಲಿಸಿದ್ದರೆ ಎಲ್ಲರಿಗೂ ಒಳ್ಳೆಯದಿತ್ತು. ಆದರೆ ಭಜನೆ ಅಂದ ಮೇಲೆ ಮಂಗಳ ಹಾಡದೆ ಏಳುವವರು ನಮ್ಮ ಕಡೆ ಯಾರಿದ್ದಾರೆ?

"ಪ್ರೇಮಾನಂದ್ರೆ, ಶುಭಕ್ಕೆ ಒಂದ್ ಮಂಗಳ ಹೇಳಿ ಬಿಡಿ. ಹೇಳುದಾರೆ ಪೂರ್ತಿ ಹೇಳ್ಕ್," ಎಂದರು ಅಣ್ಣಯ್ಯ. ಬೆಳಿಗ್ಗೆಯ 'ನೀನ್' ಹೋಗಿ ಬಹುವಚನ ಬಂದಿತ್ತು.

ಪುಸ್ತಕದಲ್ಲಿ ಮಂಗಳ ಅಂತ ಇರಲಿಲ್ಲ. ಪ್ರೇಮಾನಂದ ಕೊನೆಯ ಪುಟದ ಪದ್ಯವನ್ನೇ ಮಂಗಳ ಮಾಡಿಕೊಂಡ. ಅವನು ಎಲ್ಲಕ್ಕಿಂತ ಚೆನ್ನಾಗಿ ಕಲಿತಿದ್ದ ಪದ್ಯ ಅದು. ಅಷ್ಟೂ ವರ್ಷದ ಅವಮಾನ ಒಟ್ಟಿಗೆ ಎದ್ದು ಬಂದ ಹಾಗೆ, ಎರಡೂ ಕೈ ಎತ್ತಿ, ಕುಣಿತದ ಹೆಜ್ಜೆ ಹಾಕಿ, ಹೈವೇಯವರೆಗೂ ಕೇಳುವಂತೆ ಹಾಡಿದ. ದೊಡ್ಡ ಸಮುದ್ರ, ಅದರಲ್ಲಿ ಮೀನು, ಆ ಮೀನಿಗೂ ಒಬ್ಬ ತಾಯಿ, ಬಲೆ ಬಿಚ್ಚಿ ಬಿಟ್ಟುಬಿಡು ಮಗನೇ ಎಂದು ಅಳುವ ದೇವಿ. ಸರಿಯಾಗಿ ಆ ಸಾಲಿಗೆ ಲಾರಿಯ ಹಿಂಬಾಗಿಲು ತೆರೆದು, ರಾಶಿ ರಾಶಿ ಬೂತಾಯಿ ಬೆಳ್ಳಗೆ ಹೊಳೆಯುತ್ತಾ ಲಿಯಾಂಗನ ಕಾಲಬುಡದ ಗುಂಡಿಗೆ ಸುರಿಯಿತು.

ಲಿಯಾಂಗ್ ಸ್ವಿಚ್ಚಿನಿಂದ ಕೈ ತೆಗೆದ. ಟೋಪಿಯನ್ನೂ ತೆಗೆದ. ಕೊನೆಗೆ ಬಿಗಿದಿದ್ದ ಬೋಲ್ಟನ್ನು ಬಿಚ್ಚಿ ಅಂಗಿಯ ಜೇಬಿಗೆ ಹಾಕಿಕೊಂಡು, ಮೀನಿನ ರಾಶಿಯ ಎದುರು ಚಕ್ಕಳಮಕ್ಕಳ ಹಾಕಿ ಕೂತು ಕೈ ಮುಗಿದ. ಆಮೇಲೆ ಪ್ರೇಮಾನಂದನ ಕಡೆ ತಿರುಗಿ ಬಿಕ್ಕುತ್ತಾ ಒಂದಿಷ್ಟು ಹೊತ್ತು ಮಾತಾಡಿದ.

"ಎಂತ ಅಂಬ್ರ್ ಅವ್ರ್?" ಎಂದರು ಸಾಹುಕಾರರು.

ಪ್ರೇಮಾನಂದನಿಗೆ ಎಲ್ಲ ಅರ್ಥವಾಗಿತ್ತು. ಅಜ್ಜಿ, ಹರಕೆ, ಮರೆವು, ಪಶ್ಚಾತ್ತಾಪ, ಗುರು. ಒಂದೊಂದು ಪದವೂ ಪುಸ್ತಕದ್ದೇ. ಅರ್ಥವಾದದ್ದೇ ತನ್ನ ಕೆಲಸಕ್ಕೆ ಕುತ್ತು ಬಂತೆಂದೂ ಗೊತ್ತಾಯಿತು. ಗೊತ್ತಾಗಲಿಲ್ಲ ಎಂದುಬಿಟ್ಟರೆ ಮುಗಿಯಿತು. ಸಂಜೆಗೆ ದುಭಾಷಿ ಎದ್ದು ಬರುತ್ತಾನೆ, ಏನಿದ್ದರೂ ಅವನ ತಲೆಗೆ ಹೋಗುತ್ತದೆ, ಕೆಲಸ ಉಳಿಯುತ್ತದೆ. ಹಾಗೆಯೇ ಹೇಳುವುದೆಂದು ಬಾಯಿಯನ್ನೂ ತೆರೆದ.

"ಇವಂಗೆಂತ ಗೊತ್ತಾತ್ತ್ ಮಣ್ಣ್!" ಎಂದ ದುಗ್ಗಪ್ಪ ಅಷ್ಟರಲ್ಲಿ. "ಬಾಯಿಪಾಠ ಮಾಡದ್ದ್ ಒದರುಕ್ ಗಿಳಿಗೂ ಬತ್ತ್. ಎದ್ರಿಗಿಪ್ಪವ ಹೇಳದ್ದ್ ಅರ್ಥ ಆಯ್ಕಲೆ!"

ಪ್ರೇಮಾನಂದನ ಬೆನ್ನು ನೆಟ್ಟಗಾಯಿತು.

"ಗೊತ್ತಾಯ್ತ್ ದುಗ್ಗಪ್ಪಣ್ಣ, ಅಕ್ಷರ ಅಕ್ಷರ ಗೊತ್ತಾಯ್ತ್! ಕೇಣಿ. ಜೀವ ತೆಗಿಬಾರ್ದ್ ಅಂತ ಅವ್ರ್ ಅಜ್ಜಿ ಈ ಪದ್ಯದ ದೇವಿ ಎದುರು ಅವ್ರ ಹತ್ರ ಹರಕೆ ಹೇಳ್ಸಿದ್ರಂಬ್ರ್. ಕೆಲ್ಸಕ್ ಸೇರಿ ಮರ್ತೇ ಹೋಯಿತ್ತಂಬ್ರ್. ಇವತ್ತ್ ಈ ಗುರುಗಳ್ ನೆನಪ್ ಮಾಡಿ ಕೊಟ್ರ್, ಇನ್ ಮೀನ್ ಅರೆವ ಮಿಷನ್ ನಾನ್ ಮುಟ್ಟುದಿಲ್ಲೆ, ಬೋಲ್ಟೂ ಕೊಡುದಿಲ್ಲೆ ಅಂಬ್ರ್." ಉಸಿರು ತೆಗೆದುಕೊಂಡು ಸೇರಿಸಿದ: "ಗುರುಗಳ್ ಅಂದ್ರೆ ನಾನ್."

ಹೈವೇಯಲ್ಲಿ ಲಾರಿಯವರು ಹಾರ್ನ್ ಹಾಕುತ್ತಿದ್ದರು. ದುಗ್ಗಪ್ಪ ಕೂತಿದ್ದ ಲಿಯಾಂಗನನ್ನು ನೋಡಿದ, ಜೇಬಿನಲ್ಲಿ ಉಬ್ಬಿದ್ದ ಬೋಲ್ಟನ್ನು ನೋಡಿದ, ಕೊನೆಗೆ ಕಟ್ಟಿದ್ದ ಕೈ ಬಿಟ್ಟ.

"ಹೌದ್ ಸಾವ್ಕಾರ್ರೆ," ಎಂದ ತಗ್ಗಿದ ದನಿಯಲ್ಲಿ. "ಇವಂಗೆ ಬತ್ತ್."

"ಬತ್ತ್," ಎಂದರು ಅಣ್ಣಯ್ಯ. ಸಿಟ್ಟಿಗೆ ಅವರ ದನಿಯೂ ತಗ್ಗಿಹೋಗಿತ್ತು. "ಪ್ರೇಮಾನಂದ, ನಿಂಗೆ ಚೀನಾ ಭಾಷೆ ಬತ್ತ್ ಅಂತ ನಾನ್ ಒಪ್ಕಂಡೆ. ಇಷ್ಟೂ ಜನರ್ ಎದ್ರಿಗೆ ಒಪ್ಕಂಡೆ. ಬರ್ದೇ ಇದ್ದಿರೆ ನಿನ್ನ ಇಟ್ಕಂತಿದ್ದೆ. ಚೀನಾದಿಂದ ಬಂದವ್ನ್ ಮನ್ಸೇ ತಿರ್ಗ್ಸುವಷ್ಟ್ ಭಾಷೆ ಬಪ್ಪ ಗುಮಾಸ್ತ ನನ್ ಮಿಲ್ಲಿಗ್ ಬ್ಯಾಡ. ನಾಳಿಂದ ನೀನ್ ಬಪ್ಪುದ್ ಬ್ಯಾಡ."

ಪ್ರೇಮಾನಂದ ಆಫೀಸಿಗೆ ಹೋಗಿ ಬುತ್ತಿ ಪಾತ್ರೆ ತೆಗೆದುಕೊಂಡ. ಗೇಟಿನವರೆಗೆ ಹೋದವ ನಿಂತ. ತಿರುಗಿ ಬಂದು ಅದೇ ಮೇಜಿನಿಂದ ಒಂದು ಖಾಲಿ ಹಾಳೆಯನ್ನೂ ಪೆನ್ನನ್ನೂ ತಂದು ಸಾಹುಕಾರರ ಮುಂದೆ ಹಿಡಿದ. ಕತ್ತು ಬಗ್ಗಿರಲಿಲ್ಲ.

"ಸಾವ್ಕಾರ್ರೆ, ಈಗಳ್ ಒಪ್ಕಂಡ್ರ್ಯಲೆ, ಅದನ್ನೊಂದ್ ಬರ್ದ್ ರುಜು ಹಾಕಿ ಕೊಡಿ. ಭಾಷೆ ಬತ್ತ್ ಅಂಬಷ್ಟೇ ಸಾಕ್. ಕೆಲ್ಸ ಹೋಯ್ತ್ ಅಂಬುದ್ ನಾನೇ ಮನಿಯಂಗೆ ಹೇಳ್ಕಂತೆ."