ಕುರ್ಚಿಯಿಂದ ಬಿದ್ದವನ ರಜೆ

ಬೀಳುವುದಾದರೆ ಮರದಿಂದ ಬೀಳಬೇಕು ಸ್ವಾಮಿ! ನಮ್ಮ ಕಡೆ ಅಡಿಕೆ ಕೊನೆ ಇಳಿಸುವವನು ಬಿದ್ದರೆ ಊರಿಗೆ ಊರೇ ಓಡಿಬರುತ್ತದೆ. ಸಾಮಿಲ್ಲಿನಲ್ಲಿ ದಿಮ್ಮಿ ಕಾಲ ಮೇಲೆ ಉರುಳಿದರೆ ಜನ ಅಯ್ಯೋ ಎನ್ನುತ್ತಾರೆ. ಕಾರ್ಗಲ್ಲಿನ ಕರೆಂಟಿನ ಕೆಲಸದವರು ಜಾರಿಬಿದ್ದರೂ ಅದಕ್ಕೊಂದು ಗೌರವವಿದೆ. ಗುಮಾಸ್ತ ಕುರ್ಚಿಯಿಂದ ಬಿದ್ದರೆ ಮಾತ್ರ ಎಲ್ಲರೂ ಮೊದಲು ನಗುತ್ತಾರೆ, ಆಮೇಲೆ ಏನಾಯಿತೆಂದು ಕೇಳುತ್ತಾರೆ. ಎಷ್ಟು ಎತ್ತರದಿಂದ ಬಿದ್ದೆನೆಂದು ಸೊಂಟಕ್ಕೇನು ಗೊತ್ತು?

ಎಂಬತ್ತರ ದಶಕದ ಮೊದಲಲ್ಲಿ ನಾನು ಸಾಗರದ ಒಂದು ಸೊಸೈಟಿಯಲ್ಲಿ ಗುಮಾಸ್ತನಾಗಿದ್ದೆ. ನನ್ನ ಕುರ್ಚಿಯ ಎಡಗಾಲೊಂದು ಗಿಡ್ಡ. ಬಲಕ್ಕೆ ಭಾರ ಹಾಕಿ ಕೂತರೆ ಅದು ಸುಮ್ಮನಿರುತ್ತಿತ್ತು. ಮರೆತರೆ ಎಡಕ್ಕೆ ವಾಲಿ ಶಾಯಿ ಚೆಲ್ಲಿಸುತ್ತಿತ್ತು. ಈ ಅಭ್ಯಾಸ ಎಷ್ಟು ಬೆಳೆಯಿತೆಂದರೆ ಬಸ್ಸಿನಲ್ಲೂ ಪಂಕ್ತಿಯಲ್ಲೂ ನಾನು ಬಲಗಡೆಯವರ ಮೇಲೇ ಒರಗುತ್ತಿದ್ದೆ. ತೀರ್ಥಹಳ್ಳಿಯ ಒಂದು ಊಟದಲ್ಲಿ ಪಕ್ಕದ ಹಿರಿಯರು, "ಎಂತ ಮಾರಾಯ, ನನ್ನ ಎಲೇಲೇ ಉಣ್ತೀಯಾ?" ಎಂದು ಗದರಿಸಿದ್ದರು.

ರಿಪೇರಿ ಮಾಡಿಸಿ ಎಂದು ಮ್ಯಾನೇಜರಿಗೆ ಹೇಳಿ ಹೇಳಿ ನನ್ನ ಬಾಯಿ ನೋವು ಬಂತು. ಒಂದು ಸೋಮವಾರ ಎಂದಿನಂತೆ ಬಲಕ್ಕೆ ಭಾರ ಹಾಕಿ ಧೊಪ್ಪನೆ ಕೂತೆ. ಕುರ್ಚಿಯೂ ನಾನೂ ನೆಲದ ಮೇಲಿದ್ದೆವು. ಭಾನುವಾರ ಆಚಾರಿಯನ್ನು ಕರೆಸಿ ಕಾಲು ಸರಿಮಾಡಿಸಿದ್ದರಂತೆ! ಸಮವಾದ ಕುರ್ಚಿ ನನ್ನ ಭಾರಕ್ಕೆ ಬಲಕ್ಕೇ ಮಗುಚಿತ್ತು. ನನಗೊಂದು ಮಾತು ಹೇಳಬಾರದಿತ್ತೇ?

ಹಾಸಿಗೆ ಹಿಡಿದೆ. ಆದರೆ ಸೊಂಟಕ್ಕಿಂತ ಹೆಚ್ಚು ಉರಿದದ್ದು ಹೊಟ್ಟೆ. ಹೊಸನಗರದಲ್ಲಿ ನನ್ನ ನಾದಿನಿಯ ಮದುವೆಯಿತ್ತು. "ಬಾವ ಬರ್ದಿದ್ರೆ ಧಾರೆಗೆ ಕೂರಲ್ಲ" ಎಂದು ಅವಳ ಹಟ. ಅದಕ್ಕಾಗಿ ಜ್ವರ ಬಂದಾಗಲೂ ಕೆಲಸಕ್ಕೆ ಹೋಗಿ ರಜೆ ಉಳಿಸಿದ್ದೆ. ಇದು ಆಫೀಸಿನಲ್ಲಾದ ಪೆಟ್ಟೆಂದು ಮ್ಯಾನೇಜರು ಒಪ್ಪಿದರೆ ಬೇರೆ ರಜೆ ಸಿಗುತ್ತಿತ್ತು. ಇಲ್ಲವಾದರೆ ಮದುವೆಯ ರಜೆ ಸೊಂಟದ ಪಾಲು. ಅವರೋ ಹೇಳಿಕಳಿಸಿದರು: "ಕಾಲು ಗಿಡ್ಡ ಇದ್ದಾಗ ಬೀಳ್ದೆ ಇದ್ದೋರು ಸರಿ ಮಾಡ್ಸಿದ್ಮೇಲೆ ಬಿದ್ರಿ ಅಂದ್ರೆ ಯಾರು ನಂಬ್ತಾರೆ ಮಾರಾಯ್ರೆ?"

ನನಗೆ ತಲೆ ಕೆಟ್ಟಿತು. "ನೆಟ್ಟಗೆ ನಿಲ್ಲಕ್ಕಾಗಲ್ಲ, ಜಗಳಕ್ಕೆ ಹೊರಟ್ರಾ?" ಎಂದು ಹೆಂಡತಿ ತಡೆದರೂ ಕೇಳದೆ, ಸೊಂಟಕ್ಕೆ ಪಂಚೆ ಬಿಗಿದು ಆಫೀಸಿಗೆ ಹೋದೆ. ಮ್ಯಾನೇಜರು ಎಲ್ಲರೆದುರು ಅದೇ ಕುರ್ಚಿಯಲ್ಲಿ ಕೂತು, "ಎಲ್ಲಿ ಬೀಳ್ತದೆ? ತೋರ್ಸಿ ನೋಡಾಣ" ಎಂದರು.

"ಹಂಗಲ್ಲ ಸಾರ್ ಕೂರೋದು, ಹಿಂಗೆ!" ಎಂದು ಅವರನ್ನು ಎಬ್ಬಿಸಿ ಕೂತೆ. ಬಿದ್ದೆ.

ಮ್ಯಾನೇಜರಿಗೆ ನಿಜವಾಗಿಯೂ ಕನಿಕರವಾಯಿತು. "ಈಗ ನಂಬ್ದೆ ಮಾರಾಯ್ರೆ. ಅವತ್ತಿಂದು ಆಫೀಸಿನ ಪೆಟ್ಟೇ, ಬೇರೆ ರಜೆ ಕೊಡ್ತೀನಿ. ಆದ್ರೆ ಇವತ್ತು ನೀವು ರಜೇಲಿದ್ದೀರಲ್ಲ. ಈ ಪೆಟ್ಟಿಗೆ ನಿಮ್ಮ ಸ್ವಂತ ರಜೆನೇ ಆಗ್ಬೇಕು."

ಅಲ್ಲಿಗೆ ನನ್ನ ಪಾಲಿಗೆ ನಾದಿನಿಯ ಮದುವೆ ಮುಗಿಯಿತು. ತಟ್ಟನೆ ಎದ್ದು, ಅವರಿಗೆ ನಾಲ್ಕು ಮಾತು ಬಿಗಿದು, ಬಾಗಿಲು ದಡಾರೆಂದು ಹಾಕಿಕೊಂಡು ಹೊರಡಬೇಕೆನ್ನಿಸಿತು. ಆದರೆ ಏಳಬೇಕೆಂದರೆ ಅವರ ಕೈಯನ್ನೇ ಹಿಡಿಯಬೇಕಿತ್ತು.