ಒಂಬತ್ತು ಹೆಜ್ಜೆಯ ಮೊಕದ್ದಮೆ

ಆ ಶುಕ್ರವಾರ ಗೇಲನ್ ಸ್ಕೋಗ್ ಹುರಿದ ಮೀನಿನ ಜೊತೆ ಕುಡಿದದ್ದು ಒಂದೇ ಒಂದು ಬಿಯರ್. ಅದನ್ನೂ ಪೂರ್ತಿ ಮುಗಿಸಿರಲಿಲ್ಲ. ಆದರೆ ಮನೆಗೆ ಹೋಗುವಾಗ ಅಡ್ಡಗಟ್ಟಿದ ಪೊಲೀಸಿನವನ ಊದಿಸುವ ಯಂತ್ರ ಚಳಿಗೆ ಕೆಟ್ಟು ಕೂತಿತ್ತು. "ಇಳಿ ಕೆಳಗೆ. ಈ ಗೆರೆ ಮೇಲೆ ಒಂಬತ್ತು ಹೆಜ್ಜೆ ನಡಿ" ಎಂದ. ಗೇಲನ್ ಮೂರನೆಯ ಹೆಜ್ಜೆಗೆ ವಾಲಿ, ನಾಲ್ಕನೆಯದಕ್ಕೆ ಪೊಲೀಸಿನವನನ್ನೇ ತಬ್ಬಿಕೊಂಡ. ಕುಡಿದು ಗಾಡಿ ಓಡಿಸಿದನೆಂದು ಕೇಸಾಯಿತು.

ಮಿನೆಸೋಟಾದ ನಮ್ಮ ಪುಟ್ಟ ಊರಿನಲ್ಲಿ ಇಪ್ಪತ್ತೆರಡು ವರ್ಷದಿಂದ ಹಿಮ ಗುಡಿಸುವ ಲಾರಿ ಓಡಿಸುವವನು ಗೇಲನ್. ಲೈಸೆನ್ಸ್ ಹೋದರೆ ಲಾರಿ ಹೋಯಿತು. ಲಾರಿ ಬಿಟ್ಟು ಅವನಿಗೆ ಬೇರೆ ಕೆಲಸ ಗೊತ್ತಿಲ್ಲ. ವಿಚಾರಣೆ ಸೋಮವಾರ ಮಧ್ಯಾಹ್ನ. "ಏನೇ ಆಗ್ಲಿ, ಲೈಸೆನ್ಸ್ ಮಾತ್ರ ಬಿಡಲ್ಲ" ಎಂದು ಶಪಥ ಮಾಡಿ ಅವತ್ತು ಬೆಳಿಗ್ಗೆಯೇ ವಕೀಲರನ್ನು ಹುಡುಕಿಕೊಂಡು ನಡೆದು ಹೊರಟ.

ಪಕ್ಕದ ಮನೆಯ ಲವಾನ್ ಬೇಲಿಯ ಹತ್ತಿರವೇ ಹಿಡಿದುಕೊಂಡಳು. "ಚಿಕ್ಕ ವಯಸ್ಸಿನ ವಕೀಲರ ಹತ್ರ ಹೋಗ್ಬೇಡ ಕಣೋ. ಬರ್ನಿಸ್ ಕ್ವಾಲೆ ಹತ್ರ ಹೋಗು. ನಲವತ್ತು ವರ್ಷದಿಂದ ಕುಡುಕರನ್ನ ಬಿಡಿಸ್ತಾನೇ ಇದ್ದಾಳೆ."

"ನಾನು ಕುಡುಕ ಅಲ್ಲ!"

"ಎಲ್ರೂ ಹೇಳೋದು ಅದೇ. ಹೋಗು ಹೋಗು."

ವಕೀಲೆ ಬರ್ನಿಸ್ ಎಲ್ಲವನ್ನೂ ಕೇಳಿ, "ಎಲ್ಲಿ, ಈ ಜಮಖಾನದ ಅಂಚಿನ ಮೇಲೆ ನಡಿ ನೋಡೋಣ" ಎಂದಳು. ಗೇಲನ್ ನಡೆದ. ನಾಲ್ಕನೆಯ ಹೆಜ್ಜೆಗೆ ಕಾನೂನಿನ ಪುಸ್ತಕಗಳ ಕಪಾಟಿಗೆ ಡಿಕ್ಕಿ ಹೊಡೆದ.

"ಬೆಳಿಗ್ಗೆ ಏನು ಕುಡಿದೆ?"

"ಬರೀ ಕಾಫಿ ಮೇಡಂ. ಆಣೆಗೂ."

ಬರ್ನಿಸಳ ಮುಖ ಅರಳಿತು. "ಹಾಗಾದ್ರೆ ಗೆದ್ವಿ! ನೀನು ಕುಡಿದು ಓಲಾಡಿದ್ದಲ್ಲ, ಹುಟ್ಟಾ ಓಲಾಡೋನು. ಹಾಗಂತ ಹೇಳೋಕೆ ನಾಲ್ಕು ಜನ ಸಾಕ್ಷಿ ಕರ್ಕೊಂಡು ಬಾ."

ಇನ್ನೊಬ್ಬರ ವಿಷಯ ಹೇಳಲು ನಮ್ಮೂರಲ್ಲಿ ಜನಕ್ಕೆ ಬರವೇ? ನಾಲ್ವರನ್ನು ಕರೆದರೆ ಹನ್ನೊಂದು ಮಂದಿ ಊಟ ಬಿಟ್ಟು ಕೋರ್ಟಿಗೆ ಬಂದರು.

ಮೊದಲು ಲವಾನ್. "ನನ್ನ ಅಂಚೆ ಡಬ್ಬಿಗೆ ಮೂರು ಸಲ ಲಾರಿ ಗುದ್ದಿದ್ದಾನೆ ಸ್ವಾಮಿ. ಮೂರು ಸಲಾನೂ ನಾನೇ ಬಾಯಿ ಮೂಸಿ ನೋಡಿದ್ದೀನಿ. ಒಂದು ತೊಟ್ಟೂ ಕುಡಿದಿರ್ಲಿಲ್ಲ!"

ಆಮೇಲೆ ಲಾರಿಯಲ್ಲಿ ಜೊತೆಗಿರುವ ಡ್ವೇನ್. "ಎಡಕ್ಕೆ, ಬಲಕ್ಕೆ ಅಂತ ನಾನು ಕೂಗದಿದ್ರೆ ಇವನಿಗೆ ದಾರಿನೇ ಕಾಣಲ್ಲ. ಹೋದ ವರ್ಷ ನನಗೆ ಜ್ವರ ಬಂದಿದ್ದಾಗ, ರಸ್ತೆ ಅಂತ ಹೆಪ್ಪುಗಟ್ಟಿದ ಕೆರೆ ಗುಡಿಸಿ ಬಂದ. ಕುಡಿದಿದ್ದು ಬರೀ ಹಾಲು."

ಚರ್ಚಿನ ಪಾದ್ರಿಗಳೂ ಬಂದು, ಪ್ರಾರ್ಥನೆಗೆ ಎದ್ದು ನಿಂತಾಗ ಗೇಲನ್ ಬೆಂಚು ಹಿಡಿಯದೆ ನಿಂತದ್ದನ್ನು ತಾವು ಕಂಡಿಲ್ಲವೆಂದರು. ಇಷ್ಟೊಂದು ಜನ ತನ್ನ ಬೆನ್ನಿಗೆ ನಿಂತರಲ್ಲ ಎಂದು ಗೇಲನ್‌ಗೆ ಕಣ್ಣು ತುಂಬಿ ಬಂತು. ಪ್ರತಿ ಮಾತಿಗೂ ಹೌದು ಹೌದೆಂದು ತಲೆಯಾಡಿಸಿದ.

ನ್ಯಾಯಾಧೀಶರು ಕನ್ನಡಕ ತೆಗೆದರು. "ಆರೋಪಿ ಕುಡಿದಿದ್ದ ಅನ್ನೋದಕ್ಕೆ ಆಧಾರ ಇಲ್ಲ. ಕೇಸು ವಜಾ."

ಹನ್ನೊಂದು ಜನವೂ ಎದ್ದು ಚಪ್ಪಾಳೆ ತಟ್ಟಿದರು.

"ಕೂತ್ಕೊಳ್ಳಿ, ಇನ್ನೂ ಮುಗಿದಿಲ್ಲ. ಕಣ್ಣು ಕಾಣದ, ಕಾಲು ನಿಲ್ಲದ ಮನುಷ್ಯ ಊರಿನ ಲಾರಿ ಓಡಿಸ್ತಿದ್ದಾನೆ ಅಂತ ನೀವೆಲ್ಲ ಪ್ರಮಾಣ ಮಾಡಿ ಹೇಳಿದ್ದೀರಿ. ಈ ಹೇಳಿಕೆಗಳು ಇವತ್ತೇ ಲೈಸೆನ್ಸ್ ಕಚೇರಿಗೆ ಹೋಗ್ತವೆ. ಮಿಸ್ಟರ್ ಸ್ಕೋಗ್, ಲಾರಿಯ ಕೀಲಿ ಇಲ್ಲಿ ಕೊಡಿ."

ಹೊರಗಿನ ಮೆಟ್ಟಿಲ ಮೇಲೆ ಗೇಲನ್ ಬರ್ನಿಸಳ ಕೋಟು ಹಿಡಿದು ನಿಲ್ಲಿಸಿದ. "ಮೇಡಂ, ಕುಡಿದಿದ್ದೆ ಅಂತ ಒಪ್ಕೊಂಡಿದ್ರೆ ಏನಾಗ್ತಿತ್ತು?"

"ಮೂರು ತಿಂಗಳು ಲೈಸೆನ್ಸ್ ಇರ್ತಿರ್ಲಿಲ್ಲ. ಆಮೇಲೆ ವಾಪಸ್."

"ಈಗ?"

"ಈಗ ಕಣ್ಣು, ಕಾಲು ಎರಡೂ ಸರಿ ಹೋಗೋವರೆಗೂ ಇಲ್ಲ."

ಗೇಲನ್ ಹಲ್ಲು ಕಚ್ಚಿದ. ಹಿಡಿದ ಪಟ್ಟು ಬಿಡುವವನಲ್ಲ. "ನಾನು ಅವತ್ತು ಕಂಠಪೂರ್ತಿ ಕುಡಿದಿದ್ದೆ ಅಂತ ಸಾಬೀತು ಮಾಡೋ ವಕೀಲರು ಬೇಕು ಮೇಡಂ. ಒಳ್ಳೆ ಅನುಭವ ಇರೋರು. ಯಾರಿದ್ದಾರೆ ಹೇಳಿ."

ಬರ್ನಿಸ್ ಪಕ್ಕದಲ್ಲೇ ಮೆಟ್ಟಿಲಿಳಿದು ಹೋಗುತ್ತಿದ್ದ ಸರ್ಕಾರಿ ವಕೀಲನತ್ತ ಬೆರಳು ತೋರಿಸಿದಳು. "ಒಬ್ಬ ಇದ್ದ. ಅವನನ್ನೇ ಈಗಷ್ಟೇ ಸೋಲಿಸಿ ಬಂದ್ವಲ್ಲ!"