ಆ ವಾರಕ್ಕೊಂದು ಮೂಲಿಕೆ

ಮನೆಯಲ್ಲಿ ಒಬ್ಬರಿಗೆ ನೋವು, ಇನ್ನೊಬ್ಬರಿಗೆ ಓದುವ ಚಟ ಇದ್ದರೆ ಇಂಥವು ತಪ್ಪುವುದಿಲ್ಲ. ಹೆಂಡತಿ ಬಾಶೆಟ್ಟಿಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್. ಮುಟ್ಟಿಗೆ ಮುಂಚಿನ ಒಂದು ವಾರ ಅವಳಿಗೆ ತಲೆ ಸಿಡಿಯುತ್ತದೆ, ಕಾಲು ಊದುತ್ತದೆ, ನಿದ್ದೆ ಹತ್ತುವುದಿಲ್ಲ. ನಾನು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಆ ವಾರ ನನಗೂ ಕೂತಲ್ಲಿ ಕೂರಲಾಗುವುದಿಲ್ಲ. ಇದಕ್ಕೆ ಗಿಡಮೂಲಿಕೆಯಲ್ಲಿ ಏನಾದರೂ ಇದೆಯೇ ಎಂದು ಓದತೊಡಗಿದೆ.

೧. ಅಳತೆ

ಮದ್ದಿಗೆ ಮೊದಲು ಲಕ್ಷಣಗಳನ್ನು ಬರೆದಿಡಬೇಕು ಎಂದು ಓದಿದ್ದೆ. ನೋಟ್‌ಬುಕ್ ಹಿಡಿದು ಅಡುಗೆಮನೆಗೆ ಹೋದೆ.

"ಸಿಟ್ಟು ಹತ್ತಕ್ಕೆ ಎಷ್ಟಿದೆ, ಹೇಳು."

ಅವಳು ಲಟ್ಟಣಿಗೆ ಕೆಳಗಿಡಲಿಲ್ಲ.

"ನೀವು ಬರೋವರ್ಗೂ ಎರಡಿತ್ತು ಕಣ್ರೀ."

೨. ಶತಾವರಿ

ಗ್ರಂಧಿಗೆ ಅಂಗಡಿಯಲ್ಲಿ ತುಂಬ ಜನ. ತಗ್ಗಿದ ದನಿಯಲ್ಲಿ ಶತಾವರಿ ಪುಡಿ ಕೇಳಿದೆ. ಮುಟ್ಟಿನ ತೊಂದರೆಗಷ್ಟೇ ಅಲ್ಲ, ಹಾಲು ಹೆಚ್ಚಲೆಂದೂ ಅದನ್ನು ಕೊಡುತ್ತಾರೆ.

ಅಂಗಡಿಯವರು ಗಟ್ಟಿಯಾಗಿ, "ಯಾರಿಗೆ ಮೇಷ್ಟ್ರೇ? ಮನೆಯವ್ರಿಗಾ, ಹಸೂಗಾ?" ಎಂದರು.

ಎಲ್ಲರೂ ತಿರುಗಿದರು. "ಹಸೂಗೆ" ಎಂದುಬಿಟ್ಟೆ.

ದೊಡ್ಡ ಪೊಟ್ಟಣವೇ ಬಂತು. ಹೆಂಡತಿ ಮೇಲಿನ ಚೀಟಿ ಓದಿದಳು: ಹಿಂಡಿಯಲ್ಲಿ ಕಲಸಿ, ದಿನಕ್ಕೆರಡು ಹಿಡಿ.

"ಪುಡಿ ಆಯ್ತು. ಮೇಯ್ಸೋಕೆ ಎಷ್ಟೊತ್ತಿಗೆ ಕರ್ಕೊಂಡ್ ಹೋಗ್ತೀರಿ?"

೩. ಸೊಪ್ಪು

ಲಕ್ಕಿ ಗಿಡಕ್ಕೆ ಪರದೇಶದಲ್ಲೊಂದು ನೆಂಟ ಗಿಡವಿದೆ. ಅದರ ಹಣ್ಣು ಈ ತೊಂದರೆಗೆ ಆಗಿಬರಬಹುದಂತೆ. ಪುರಾವೆ ಇನ್ನೂ ಗಟ್ಟಿಯಿಲ್ಲ. ನನಗೆ ತಾಳ್ಮೆಯೂ ಇರಲಿಲ್ಲ. ಕೆರೆ ಏರಿಯ ಮೇಲಿದ್ದ ನಮ್ಮ ಲಕ್ಕಿಯನ್ನೇ ಒಂದು ಹೊರೆ ಮುರಿದು ಸ್ಕೂಟರಿನಲ್ಲಿಟ್ಟು ತಂದೆ.

ನಮ್ಮ ಕಡೆ ಮನೆಗೆ ಲಕ್ಕಿ ಸೊಪ್ಪು ಬಂತೆಂದರೆ ಅದು ಬಾಣಂತಿಯ ಸ್ನಾನಕ್ಕೆ. ಅದು ನೆನಪಾಗಲೇ ಇಲ್ಲ.

"ಯಾರಿಗೆ ಮೇಷ್ಟ್ರೇ ಸೊಪ್ಪು?" ಎದುರುಮನೆಯಾಕೆ ಕೇಳಿದರು.

ಬೀದಿಯಲ್ಲಿ ಮುಟ್ಟಿನ ಮಾತು ಆಡಲಾರದೆ, "ನಮ್ಮನೆಯವ್ರಿಗೇ" ಎಂದೆ.

"ಈ ವಯಸ್ಸಲ್ಲಾ!"

ಸಂಜೆ ಹೆಂಡತಿ ತಲೆ ಹಿಡಿದುಕೊಂಡು ಬಂದಳು. ಹಿಂದೆಯೇ, ಎದುರುಮನೆಯಾಕೆಯಿಂದ ಸುದ್ದಿ ತಿಳಿದು, ಊರ ಬಾಣಂತಿಯರಿಗೆಲ್ಲ ನೀರೆರೆಯುವ ಅಜ್ಜಿ, ಎಣ್ಣೆ ಬಟ್ಟಲು ಹಿಡಿದು. ನಾನು ಮಾತು ಹುಡುಕುವಷ್ಟರಲ್ಲಿ ಹಂಡೆಗೆ ಉರಿ ಹಾಕಿಯಾಗಿತ್ತು.

"ಬೇಡ ಅನ್ನೇ" ಎಂದು ಪಿಸುಗುಟ್ಟಿದೆ.

"ತಲೆಗೆ ಎಣ್ಣೆ ತಿಕ್ಕಿ ಬಿಸಿನೀರು ಹಾಕ್ತಾರೆ ಅಂದ್ರೆ ಬೇಡ ಅನ್ನೋಕೆ ನಂಗೇನು ಹುಚ್ಚಾ?"

ಅಜ್ಜಿ ನೀರೆರೆದು, ತಲೆಗೆ ಬಟ್ಟೆ ಕಟ್ಟಿ, ಕಂಬಳಿ ಹೊದಿಸಿ ಮಲಗಿಸಿದಳು. ಆಮೇಲೆ ಸುತ್ತ ನೋಡಿ, "ಮಗೂನ ಕೊಡವ್ವ, ಅದ್ಕೂ ಎರಡು ಚೊಂಬು ಹಾಕ್ಬುಡ್ತೀನಿ" ಎಂದಳು.

ನಾನು ಬಾಗಿಲಲ್ಲೇ ಶತಪಥ ಹಾಕುತ್ತಿದ್ದೆ. ಹೆಂಡತಿ ಕಣ್ಣು ಮುಚ್ಚಿಕೊಂಡೇ ನನ್ನತ್ತ ಕೈ ತೋರಿದಳು.

"ಅದೇ ಕಣಜ್ಜಿ. ಆಚೆ ಎತ್ಕೊಂಡ್ ಹೋಗು. ನಂಗೆ ನಿದ್ದೆ ಬರ್ತಾ ಇದೆ."